ಕೂಗಿ ಕೇಳಿ ತಂದ ಮಣ್ಣು

ಸಂಜೆ ಏಳರ ಹೊತ್ತಿಗೆ ಗೋಡೆಗೆ ಬೆನ್ನು ಕೊಟ್ಟು ಕೂತವಳು ಬೆಚ್ಚಿ ಎದ್ದುಬಿಟ್ಟೆ. ಗೋಡೆಗೆ ಜ್ವರ ಬಂದಿತ್ತು. ಸೂರ್ಯ ಮುಳುಗಿದ್ದ, ಕೋಣೆಯಲ್ಲಿ ಒಲೆಯಿರಲಿಲ್ಲ. ಆದರೂ ಪಡುಗೋಡೆ, ಆಚೆಬದಿಯಲ್ಲಿ ಯಾರೋ ಮೈಯಾನಿಸಿ ನಿಂತಂತೆ, ಬಿಸಿಯಾಗಿತ್ತು. ನಾನು ಹುಕ್ಕೇರಿಗೆ ಬಂದು ಆಗ ಮೂರು ವಾರ.

ಕುಂದಾಪುರದಲ್ಲಿ ಗೋಡೆ ತಣ್ಣಗೆ ಬೆವರುತ್ತದೆ. ಮಳೆಗಾಲಕ್ಕೆ ಮುಂಚೆ ಅದರ ಹೊರಮೈಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ ಎರಚಲಿನಿಂದ ಕಾಯುತ್ತೇವೆ. ಗೋಡೆಯನ್ನು ಬಿಸಿಲಿನಿಂದಲೂ ಕಾಯಬೇಕಾದೀತು ಎಂಬುದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೂ ಹೊಳೆದಿರಲಿಲ್ಲ. ಇಲ್ಲಿ ಕುಚ್ಚಲಕ್ಕಿ ಸಿಗದು. ರೊಟ್ಟಿ ಅಗಿದು ಮೊದಮೊದಲು ದವಡೆ ನೋಯುತ್ತಿತ್ತು. ನನ್ನ ಕನ್ನಡ ಕೇಳಿದರೆ ಅಂಗಡಿಯವರು ಪಾಠ ಒಪ್ಪಿಸುವ ಮಗುವನ್ನು ನೋಡುವಂತೆ ನೋಡುತ್ತಿದ್ದರು. ಹಾಗಾಗಿ ಮಾತು ಕಡಿಮೆ ಮಾಡಿದೆ. ಮೊದಲೇ ಅದು ಹೆಚ್ಚಿರಲಿಲ್ಲ.

ನನಗೆ ಬಾಡಿಗೆಗೆ ಕೋಣೆ ಕೊಟ್ಟವರು ಗಂಗವ್ವ. ಅಣೆಕಟ್ಟಿನ ಹಿನ್ನೀರು ಏರಿದಾಗ ಊರು ಬಿಟ್ಟು ಬಂದವರು. ಬದಲಿಯಾಗಿ ಕೊಟ್ಟ ಜಾಗದಲ್ಲಿ ಕಟ್ಟಿಕೊಂಡ ಮನೆಯಿದು: ತೆಳ್ಳಗಿನ ಸಿಮೆಂಟ್ ಗೋಡೆ, ಮೇಲೆ ಸ್ಲ್ಯಾಬು. ಮೂಡಲಗಿಗೆ ಕೊಟ್ಟ ಮಗಳು ಶಾಂತಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗುವಿಗೆ ಹನ್ನೆರಡು ದಿನ. ನನ್ನ ಕೋಣೆಯೂ ಬಾಣಂತಿ ಕೋಣೆಯೂ ಅಕ್ಕಪಕ್ಕ; ಎರಡಕ್ಕೂ ಬಿಸಿಲು ಬೀಳುವ ಒಂದೇ ಪಡುಗೋಡೆ. ನಾನು ಕಿಟಕಿ ತೆರೆದುಕೊಳ್ಳಬಹುದಿತ್ತು; ಅವಳು ತೆರೆಯುವಂತಿರಲಿಲ್ಲ.

"ಗಾಳಿ ಬಡದ್ರ ಸನ್ನಿ ಆಗತೈತ್ರಿ ಅಕ್ಕೋರ," ಎಂದರು ಗಂಗವ್ವ. ಇಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರು.

ಒಳಗಿಂದ ಶಾಂತಾ, "ಗೋಕಾಕದವ್ರಿಗೆ ಹೇಳ್ರಿ ಅಕ್ಕೋರ, ಕರದಂಟ ಮಾಡಾಕ ಒಲಿ ಬ್ಯಾಡ, ನಮ್ಮ ಖೋಲಿ ಸಾಕ," ಎಂದಳು. ಬೆಲ್ಲದ ಪಾಕ ಕಾಸಿ ಮಾಡುವ ಸಿಹಿ ಅದು. ನಕ್ಕಳು. ಮಗು ನಗುವ ಸ್ಥಿತಿಯಲ್ಲಿರಲಿಲ್ಲ. ಮೈತುಂಬ ಬೆವರುಸಾಲೆ, ಹಾಲು ಹಿಡಿಯದೆ ಕ್ಷೀಣವಾಗಿ ಅಳುತ್ತಿತ್ತು. ಮಧ್ಯಾಹ್ನವಿಡೀ ಕರೆಂಟು ಇರುತ್ತಿರಲಿಲ್ಲ. ಇದ್ದಾಗಲೂ ಫ್ಯಾನು ಬಿಸಿಯನ್ನೇ ತಿರುವಿ ಹಾಕುತ್ತಿತ್ತು. ಮೈ ತಣ್ಣಗಿಡದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಪ್ರಯೋಗಾಲಯದ ಥರ್ಮಾಮೀಟರು ತಂದು ಗೋಡೆಗೆ ಕಟ್ಟಿದೆ. ಸಂಜೆಯಾದರೂ ಪಾದರಸ ಇಳಿಯದು. ಒಳಗೆ ಏನೂ ಬದಲಿಸುವಂತಿಲ್ಲವೆಂದಮೇಲೆ ಉಳಿದದ್ದು ಹೊರಮೈ. ಸ್ಲ್ಯಾಬಿನ ಮೇಲೆ ನಾನೇ ಎರಡು ಸಲ ಸುಣ್ಣ ಬಳಿದೆ. ಗಂಗವ್ವನ ತಮ್ಮ ಭೀಮಪ್ಪ ಟ್ರ್ಯಾಕ್ಟರ್ ನಿಲ್ಲಿಸಿ, "ಅಕ್ಕೋರ, ಮಾಳಿಗಿಗೆ ಪೌಡರ ಹಚ್ಚಾಕತ್ತೀರೇನ್ರಿ? ವರ ನೋಡಾಕ ಬರತಾನೇನು?" ಎಂದ. ಮೇಲಿನ ಉರಿ ತಗ್ಗಿತು. ಪಡುಗೋಡೆಯದು ತಗ್ಗಲಿಲ್ಲ.

ದಪ್ಪ ಮಣ್ಣಿನ ಹೊದಿಕೆ ಬೇಕೆಂದೆ. ಬಿಸಿಲು ಅದನ್ನು ದಾಟುವಷ್ಟರಲ್ಲಿ ಸಂಜೆಯಾಗಬೇಕು. ಭೀಮಪ್ಪ ತಲೆಯಾಡಿಸಿದ. "ಖರೆ ಐತ್ರಿ. ಆದ್ರ ಹೊಲದ ಮಣ್ಣ ಬಿರಿತೈತಿ. ಹಾಳಮಣ್ಣಽ ಬೇಕ." ಹಾಳಮಣ್ಣೆಂದರೆ ಬಿದ್ದ ಮನೆಗಳ ಗೋಡೆಯ ಬಿಳಿಮಣ್ಣು. ಹತ್ತಾರು ವರ್ಷ ಗೋಡೆಯಾಗಿ ನಿಂತು ಹದಗೊಂಡದ್ದು, ಬಿರಿಯುವುದಿಲ್ಲ. ಆದರೆ ಸುತ್ತಲಿನ ಬಿದ್ದ ಮನೆಗಳ ಮಣ್ಣನ್ನು ಜನ ಆಗಲೇ ಒಯ್ದಿದ್ದರು.

ಹಿನ್ನೀರು ಇಳಿದು ಹಳೆಯ ಊರಿನ ಬುನಾದಿ ಕಂಡಿದೆಯೆಂದು ಕಾಲೇಜಿನಲ್ಲಿ ಕೇಳಿದ್ದೆ. ಬುದ್ಧಿವಂತಳಂತೆ ಹೇಳಿಬಿಟ್ಟೆ: "ಅಮ್ಮ, ನಿಮ್ಮ ಹಳೇ ಮನೆ ಮಣ್ಣನ್ನೇ ತರಬಹುದಲ್ಲ?"

ಭೀಮಪ್ಪ ನೆಲ ನೋಡಿದ. ಗಂಗವ್ವ ಆರಿಸುತ್ತಿದ್ದ ಜೋಳದ ಮೊರವನ್ನು ಕೆಳಗಿಟ್ಟರು.

"ಹಾಳಮಣ್ಣ ಹಾಳಾದ ಮನಿದಿರತೈತ್ರಿ. ನಮ್ಮ ಮನಿ ಹಾಳಾಗಿಲ್ಲ. ನೀರಾಗ ಐತಿ."

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಊಟದ ತಟ್ಟೆ ಮಾತ್ರ ತಪ್ಪದೆ ಬಾಗಿಲಿಗೆ ಬರುತ್ತಿತ್ತು.

ಮೂರನೆಯ ದಿನ ಮಗು ಅಳುವುದನ್ನೂ ಬಿಟ್ಟಿತು. ಬೆಳಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತಾಯಿಯ ಮಗ್ಗುಲಿಗೆ ಮಲಗಿಸಿದ ಗಂಗವ್ವ ನನ್ನ ಬಾಗಿಲಿಗೆ ಬಂದರು. "ನಡೀರಿ. ನೀವೂ ಬರಬೇಕ."

ನಾನೇಕೆ ಎಂಬುದನ್ನು ದಾರಿಯಲ್ಲಿ ಭೀಮಪ್ಪ ಹೇಳಿದ. "ಬಿದ್ದ ಮನಿ ಮಣ್ಣ ಸುಮ್ಮನ ತರಬಾರ್ದ್ರಿ. ಹೊಸ್ತಲದಾಗ ನಿಂತ ಮೂರ ಸಲ ಕೂಗಿ ಕೇಳಬೇಕ. ಒಳಗಿಂದ ಓ ಅಂದ್ರ ಮುಟ್ಟಂಗಿಲ್ಲ."

"ಬಿದ್ದ ಮನೆಯಲ್ಲಿ ಯಾರು ಓ ಅಂತಾರೆ?"

"ಅದಕ್ಕಽ ಕೇಳೂದ್ರಿ." ಟ್ರ್ಯಾಕ್ಟರಿನ ಗೇರು ಬದಲಿಸಿ ಹೇಳಿದ: "ಆ ಮನ್ಯಾಗ ಉಂಡವ್ರು ಕೂಗಂಗಿಲ್ಲ. ನಾ ಅಲ್ಲಿ ಭಾಳ ಉಂಡೇನಿ."

ನೀರು ದೂರ ಸರಿದಿತ್ತು. ಬಿರಿದ ಕೆಸರಿನ ನಡುವೆ ಕಲ್ಲಿನ ಸಾಲುಗಳು: ಇದು ಓಣಿ, ಇದು ಕಟ್ಟೆ. ಗಂಗವ್ವ ನೆಲ ನೋಡದೆ ನಡೆದರು. ಇಲ್ಲದ ಗೋಡೆಯೊಂದರ ಮೂಲೆಯನ್ನು ಬಳಸಿ ತಿರುಗಿದರು. ಒಂದು ಹೊಸ್ತಿಲುಗಲ್ಲು ಬಂತು. ಅವರು ಚಪ್ಪಲಿ ಕಳಚಿ, ಹೊಸ್ತಿಲನ್ನು ತುಳಿಯದೆ ದಾಟಿ, ಒಳಗೆ ನೆಲದಲ್ಲಿ ಹೂತಿದ್ದ ಒರಳಿನ ಪಕ್ಕ ನಿಂತರು. ಒರಳಿನಲ್ಲಿ ಇನ್ನೂ ನೀರಿತ್ತು.

ಹೊರಗೆ ನಿಂತು ನಾನು ಅವರ ಮಾತಿನಲ್ಲೇ ಕೂಗಿದೆ. "ಮನ್ಯಾಗ ಯಾರರ ಅದೀರೇನ್ರಿ?"

ಮೊದಲ ಸಲದ ಕೂಗು ತೀರ ಮೆಲ್ಲಗಾಯಿತು. ಎರಡನೆಯ ಸಲ ಜೋರಾಗಿ ಹೋಗಿ ನನಗೇ ಹೆದರಿಕೆಯಾಯಿತು. ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರು ಓ ಎಂದುಬಿಟ್ಟರೆ ಎಲ್ಲ ಮುಗಿಯಿತೆಂದು ನನಗೆ ಗೊತ್ತಿತ್ತು, ಭೀಮಪ್ಪನಿಗೂ ಗೊತ್ತಿತ್ತು. ಮೂರನೆಯ ಸಲ ಕೂಗಿದೆ.

ಗಂಗವ್ವ ಸೆರಗು ತೆಗೆದರು. "ಯಾರೂ ಇಲ್ರಿ," ಎಂದರು. "ಒಯ್ಯಿರಿ."

ಮೊದಲ ಬುಟ್ಟಿಯನ್ನು ಅವರೇ ತುಂಬಿದರು.

ಗೋಡೆಯ ಹೊರಮೈಗೆ ಉಳಿಯಿಂದ ಕಚ್ಚು ಹಾಕಿ, ಮಣ್ಣಿಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿದು, ಗೇಣು ದಪ್ಪಕ್ಕೆ ಮೆತ್ತಿದೆವು. ಒಣಗುವ ಮೊದಲೇ ಒಳಗಿನ ಪಾದರಸ ಇಳಿಯಿತು. ನಾಲ್ಕನೆಯ ದಿನ ಮಗು ಹಾಲು ಹಿಡಿದು, ಮಧ್ಯಾಹ್ನ ಫ್ಯಾನಿಲ್ಲದೆ ನಿದ್ದೆ ಹೋಯಿತು. "ಅಕ್ಕೋರ, ಕರದಂಟ ಆರತ ನೋಡ್ರಿ," ಎಂದಳು ಶಾಂತಾ. ಗಂಗವ್ವನೂ ನಕ್ಕರು. ಆದರೆ ಬಿಸಿಲೇರಿದಾಗ ಗೋಡೆ ಕೆರೆಯ ತಳದ ವಾಸನೆ ಬಿಡುತ್ತಿತ್ತು. ಆ ಹೊತ್ತಿಗೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಯಾರೂ ಇಲ್ಲ ಎಂದು ಹೇಳುವುದಕ್ಕೂ ಒಬ್ಬರು ಒಳಗಿರಬೇಕು.

ಶ್ರಾವಣದಲ್ಲಿ ಕುಂದಾಪುರಕ್ಕೆ, ಊರಿಗೆ ಬಂದೆ. ಕೆಲಸ ಕಾಯಂ ಆಗಿತ್ತು. ನನ್ನ ಪುಸ್ತಕಗಳನ್ನೂ ಬಟ್ಟೆಗಳನ್ನೂ ಒಟ್ಟಿಗೆ ಹುಕ್ಕೇರಿಗೆ ಸಾಗಿಸಿಬಿಡುವುದೆಂದು ಖಾಲಿ ಟ್ರಂಕು ತಂದಿದ್ದೆ. ಮಳೆಯಲ್ಲಿ ಮೆಟ್ಟಿಲ ಬಳಿ ನಿಂತು, ಯಾವ ಮಾತಿನಲ್ಲಿ ಎಂದು ಯೋಚಿಸದೆ ಕೂಗಿದೆ: "ಮನ್ಯಾಗ ಯಾರರ ಅದೀರೇನ್ರಿ?"

"ಓ!" ಅಮ್ಮ ಅಡುಗೆಮನೆಯಿಂದ ತಕ್ಷಣ ಓಗೊಟ್ಟಳು. "ಬಾಗ್ಲ್ ತೆಗ್ದೇ ಇತ್ತಲೆ, ಒಳ್ಗ್ ಬಾ."

ನಾನು ಬಹಳ ಹೊತ್ತು ಹೊಸ್ತಿಲ ಹೊರಗೇ ನಿಂತಿದ್ದೆ. ವಾರ ಕಳೆದು ಹುಕ್ಕೇರಿಗೆ ಹೊರಟಾಗ ಟ್ರಂಕು ಬಂದಂತೆಯೇ ಹಗುರವಾಗಿತ್ತು. ಏಕೆಂದು ಅಮ್ಮ ಕೇಳಿದಳು. ಮಳೆ ಎಂದೆ.