ಮಲೆಗೆ ಜೀಪು ಓಡಿಸಿದ ಅತ್ತೆ

ಇವತ್ತು ಬೆಳಿಗ್ಗೆ ಕಾರಿನೊಳಗೆ ಕ್ಲಚ್ ಸುಟ್ಟ ವಾಸನೆ ತುಂಬಿಕೊಂಡಿತು. ಕಲಿಯಲು ಬಂದಿದ್ದ ಹೆಂಗಸು ಏರಿನಲ್ಲಿ ಗಾಡಿ ನಿಂತುಬಿಡುತ್ತದೆಂದು ಹೆದರಿ, ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿಯುತ್ತಿದ್ದಳು. ಕಾಗದವೂ ರಬ್ಬರೂ ಒಟ್ಟಿಗೆ ಕರಕಲಾದಂಥ ಆ ವಾಸನೆ ಬಂದರೆ ಯಾರೇ ಆಗಲಿ ಮೂಗು ಮುಚ್ಚಿಕೊಂಡು ಕಿಟಕಿ ಇಳಿಸುತ್ತಾರೆ. ನಾನು ಮಾತ್ರ ಸ್ವಲ್ಪ ಹೊತ್ತು ಹಾಗೇ ಕುಳಿತಿದ್ದೆ. ನೀರು ಬತ್ತಿದ ಕೆರೆಯ ಅಂಗಳದಲ್ಲಿ ಧೂಳೆಬ್ಬಿಸುತ್ತ ಸುತ್ತು ಹೊಡೆಯುತ್ತಿದ್ದ ಒಂದು ಹಳೆಯ ಜೀಪು, ಅದರ ಸ್ಟಿಯರಿಂಗ್ ಹಿಡಿದು ಸೆರಗನ್ನು ಸೊಂಟಕ್ಕೆ ಬಿಗಿದಿದ್ದ ನಮ್ಮ ಪಕ್ಕದ ಮನೆಯ ಅತ್ತೆ...

ಚಿನ್ನಮನೂರಿನಲ್ಲಿ ನಾನೊಂದು ಡ್ರೈವಿಂಗ್ ಶಾಲೆ ನಡೆಸುತ್ತೇನೆ. ಕಲಿಯಲು ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಈ ಕೆಲಸ ನನಗೆ ಯಾವ ಕಾಲೇಜಿನಿಂದಲೂ ಸಿಕ್ಕಿದ್ದಲ್ಲ, ಅತ್ತೆಯಿಂದ ಸಿಕ್ಕಿದ್ದು.

ನಮ್ಮ ಊರು ತೇವಾರಂ ಕಡೆಯಿಂದ ಬೋಡಿಗೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲೇ ಇದೆ. ನಮ್ಮ ಬೀದಿಯಲ್ಲೆಲ್ಲ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅತ್ತೆ ನಮಗೆ ರಕ್ತಸಂಬಂಧಿಯಲ್ಲ. ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದರು, ಹಾಗಾಗಿ ನನಗೆ ಅತ್ತೆ. ಅವರ ಗಂಡ ದಿಂಡಿಗಲ್‌ನಲ್ಲಿ ಬೀಗ ಮಾಡುವ ಪಟ್ಟರೆಯಲ್ಲಿ ಕೆಲಸಕ್ಕಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಟುಬಿಡುವ ಮನುಷ್ಯ. ಅತ್ತೆ ನಮ್ಮ ಅಮ್ಮನ ಜತೆ ಏಲಕ್ಕಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ತೋಟಗಳು ಬೋಡಿಮೆಟ್ಟು ಘಾಟಿಯಾಚೆ, ಕೇರಳದ ಕಡೆ. ನಸುಕಿನಲ್ಲೇ ಜೀಪು ಬಂದು ಬೀದಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ಬುತ್ತಿಯ ತೂಕು ಪಾತ್ರೆ, ಮಳೆಗೆ ಹೊದೆಯಲು ಪ್ಲಾಸ್ಟಿಕ್ ಹಾಳೆ, ಕಾಲಿಗೆ ಹತ್ತುವ ಇಂಬಳಕ್ಕೆ ಒಂದು ಚಿಟಿಕೆ ಸುಣ್ಣ ತಂಬಾಕು ಹಿಡಿದುಕೊಂಡು ಹೆಂಗಸರೆಲ್ಲ ಒಬ್ಬರ ತೊಡೆಯ ಮೇಲೊಬ್ಬರು ಎಂಬಂತೆ ತುಂಬಿಕೊಳ್ಳುತ್ತಿದ್ದರು.

ಆ ವರ್ಷ ನಾನೂ ಆ ಜೀಪಿನಲ್ಲಿದ್ದೆ. ಬಿ.ಕಾಂ. ಮುಗಿದಿತ್ತು. ಟೈಪಿಂಗ್ ಕಲಿತಿದ್ದೆ, ಹೊಲಿಗೆ ಕಲಿತಿದ್ದೆ, ತೇನಿಯಲ್ಲಿ ಎರಡು ಮೂರು ಅಂಗಡಿಗಳಿಗೆ ಹೋಗಿ ಕೆಲಸ ಕೇಳಿಯೂ ಬಂದಿದ್ದೆ. ಎಲ್ಲೂ ಏನೂ ಆಗಲಿಲ್ಲ. ಮನೆಯಲ್ಲಿ ಕೂತರೆ ಮದುವೆಯ ಮಾತು ಏಳುತ್ತದೆಂದು ಅಮ್ಮನ ಜತೆ ತೋಟಕ್ಕೆ ಹೊರಟೆ. ಏಲಕ್ಕಿ ಕೀಳುವುದು ಮರದಿಂದ ಹಣ್ಣು ಕಿತ್ತಷ್ಟು ಸುಲಭವಲ್ಲ. ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡ ಗೊಂಚಲುಗಳಲ್ಲಿ. ದಿನವಿಡೀ ಕುಕ್ಕರುಗಾಲಿನಲ್ಲಿ ಕೂತು, ಬಲಿತದ್ದನ್ನು ಮಾತ್ರ ಕಣ್ಣಳತೆಯಲ್ಲೇ ಆರಿಸಿ ಕೀಳಬೇಕು. ಸಂಜೆಯ ಹೊತ್ತಿಗೆ ಬೆರಳ ತುದಿಗಳೆಲ್ಲ ಕಪ್ಪಾಗಿರುತ್ತಿದ್ದವು.

ಆಗ ಜೀಪು ಓಡಿಸುತ್ತಿದ್ದ ಹುಡುಗನಿಗೆ ಬೇರೆ ಜೀಪುಗಳನ್ನು ಹಿಂದೆ ಹಾಕುವ ಚಟ. ಒಂದು ಸಂಜೆ ಇಳಿಜಾರಿನಲ್ಲಿ, ತಿರುವೊಂದರಲ್ಲಿ, ಜೀಪಿನ ಎಡಪಕ್ಕ ತಡೆಗೋಡೆಗೆ ಉಜ್ಜಿಕೊಂಡು ಬಹಳ ದೂರ ಹೋಯಿತು. ಕಬ್ಬಿಣ ಕಲ್ಲಿಗೆ ಕೆರೆದುಕೊಂಡು ಹೋಗುವ ಆ ಸದ್ದು... ಯಾರಿಗೂ ಪೆಟ್ಟಾಗಲಿಲ್ಲ. ಗಾಡಿ ನಿಂತ ಕೂಡಲೇ ಮೊದಲು ಇಳಿದವರು ಅತ್ತೆ. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದೆವು. ಹುಡುಗ ಎಷ್ಟು ಕೂಗಿದರೂ ಯಾರೂ ಮತ್ತೆ ಹತ್ತಲಿಲ್ಲ. ಘಾಟಿಯ ಕೆಳಗಿನವರೆಗೂ ನಡೆದೇ ಬಂದೆವು.

ಮರುದಿನ ಜೀಪು ಬಂತು, ಹತ್ತುವವರೇ ಇಲ್ಲ. ಅದರ ಮಾಲೀಕ, ನಾವು ಮುದಲಾಳಿ ಎನ್ನುತ್ತಿದ್ದವರು, ತಾವೇ ಬೀದಿಗೆ ಬಂದರು. ಅವರೂ ನಮ್ಮ ಜನವೇ. ಕೊಯ್ಲಿನ ಸಮಯ ಬೇರೆ, ತೋಟದವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

"ಆ ಪಯ್ಯನ್ನ ಬಿಟ್ಬುಟ್ಟೆ ಕಣಮ್ಮ. ಬೇರೆ ಡ್ರೈವರ್ ಸಿಕ್ಕೋಗಂಟ ನಾ ಏನ್ ಮಾಡ್ಲಿ, ನೀವೇ ಒಂದ್ ದಾರಿ ಏಳಿ," ಎಂದರು.

ಅತ್ತೆ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ನಿಲ್ಲಿಸದೆಯೇ ಹೇಳಿದರು. "ನಾ ಓಡಿಸ್ತೀನಿ."

ಬೀದಿಯೇ ನಕ್ಕಿತು. ಮುದಲಾಳಿಯೂ ನಕ್ಕರು. ಅತ್ತೆ ನಗಲಿಲ್ಲ.

"ನಮ್ಮಪ್ಪನ ಮನೇಲಿ ಟ್ರ್ಯಾಕ್ಟರ್ ಓಡ್ಸಿ ಗದ್ದೆ ಉತ್ತೋಳು ನಾನು. ಕೆಸರಲ್ಲಿ ಓಡಿಸಿದೋಳು ತಾರ್ ರೋಡಲ್ಲಿ ಓಡಿಸಕ್ಕಿಲ್ವಾ?"

ಅದು ನಿಜವಾಗಿತ್ತು. ಚಿನ್ನಮನೂರಿನ ಹತ್ತಿರ ಕಾಲುವೆ ನೀರಿನ ಗದ್ದೆಗಳ ಮನೆ ಅವರ ತವರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಅಪ್ಪ ಇವರನ್ನೇ ಟ್ರ್ಯಾಕ್ಟರಿಗೆ ಕೂರಿಸಿದ್ದರಂತೆ. ಮದುವೆಯಾಗಿ ಬಂದ ಮೇಲೆ ಆ ಮಾತನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಮೊದ್ಲು ಲೈಸೆನ್ಸ್ ತಾ, ಆಮೇಲೆ ನೋಡಾವಾ," ಎಂದು ಮುದಲಾಳಿ ಮಾತು ತೇಲಿಸಿದರು. ಅಲ್ಲಿಗೆ ಮುಗಿಯಿತೆಂದು ಅವರು ಅಂದುಕೊಂಡಿರಬೇಕು. ಆದರೆ ಅತ್ತೆ ಅದೇ ಭಾನುವಾರ ಅವರ ಮನೆಗೆ ಹೋಗಿ ಜೀಪಿನ ಕೀಲಿ ಕೇಳಿದರು. ಜತೆಯಲ್ಲಿ ದಿಂಡಿಗಲ್ ಮಾವನೂ ಇದ್ದರು. ಹೆಂಡತಿಗೆ ಬುದ್ಧಿ ಹೇಳಲು ಬಂದಿದ್ದಾರೆಂದು ಮುದಲಾಳಿ ಸಂತೋಷದಿಂದ ಕುರ್ಚಿ ಹಾಕಿಸಿದರಂತೆ. ಮಾವ ಹೇಳಿದ್ದು ಒಂದೇ ಮಾತು. "ಕೊಡಿ, ಅವ್ಳು ಸುಮ್ಕೆ ಒಂದ್ ಮಾತೂ ಏಳಕ್ಕಿಲ್ಲ."

ವಾರದ ದಿನಗಳಲ್ಲಿ ಒಬ್ಬ ವಯಸ್ಸಾದ ಡ್ರೈವರ್ ತಾತ್ಕಾಲಿಕವಾಗಿ ಬರುತ್ತಿದ್ದರು. ಭಾನುವಾರ ಜೀಪು ಅತ್ತೆಯದು. ಬತ್ತಿದ ಕೆರೆಯೇ ಮೈದಾನ. ಟ್ರ್ಯಾಕ್ಟರಿನ ಅಭ್ಯಾಸಕ್ಕೆ ಕ್ಲಚ್ಚನ್ನು ಗಟ್ಟಿಯಾಗಿ ತುಳಿದು ಒಮ್ಮೆಲೇ ಬಿಡುತ್ತಿದ್ದರು, ಜೀಪು ಆಡುಮರಿಯ ಹಾಗೆ ನೆಗೆಯುತ್ತಿತ್ತು. ಆಮೇಲೆ ಅದನ್ನು ಸರಿಮಾಡಲು ಹೋಗಿ ಅರ್ಧ ಒತ್ತಿಕೊಂಡೇ ಓಡಿಸಿ ಕ್ಲಚ್ ಸುಟ್ಟರು. ಬೀದಿಯ ಗಂಡಸರು ಏರಿಯ ಮೇಲೆ ಸಾಲಾಗಿ ಕೂತು ನೋಡುತ್ತ, ತಲೆಗೊಂದು ಸಲಹೆ ಕೂಗುತ್ತಿದ್ದರು. ಅತ್ತೆ ಸುತ್ತು ಹೊಡೆಯುತ್ತಲೇ ಇದ್ದರು. ಕೆಲವು ವಾರಗಳಲ್ಲಿ ಏರಿಯ ಮೇಲೆ ಕೂತವರು ಕಡಿಮೆಯಾದರು. ನೋಡಿ ನಗಲು ಅಲ್ಲಿ ಏನೂ ಉಳಿದಿರಲಿಲ್ಲ.

ತೇನಿಗೆ ಪರೀಕ್ಷೆಗೆ ಹೋದ ದಿನ ನಾನೂ ಜತೆಗೆ ಹೋಗಿದ್ದೆ. ಇನ್ಸ್‌ಪೆಕ್ಟರ್ ಜೀಪಿನ ಬಳಿಗೆ ಬಂದು, ಓಡಿಸುವವರು ಎಲ್ಲಿ ಎಂದು ತಮಿಳಿನಲ್ಲಿ ಕೇಳಿದರು. ಅತ್ತೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಸೀಟಿಗೆ ಹತ್ತಿ ಕೂತರು. ಎಂಟರ ಆಕಾರದಲ್ಲಿ ಮುಂದಕ್ಕೆ ಸುತ್ತಿದರು. ಹಿಂದಕ್ಕೆ ಬಂದು ಕಂಬಗಳ ನಡುವೆ ನಿಲ್ಲಿಸಿದರು. ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ, ಇಳಿದ ಮೇಲೆ ಎಲ್ಲಿ ಓಡಿಸಲು ಹೊರಟಿದ್ದೀರಿ ಎಂದು ಕೇಳಿದರು. ಬೋಡಿಮೆಟ್ಟು ಎಂದಾಗ, "ಇಳಿಯುವಾಗ ಗೇರಿನಲ್ಲೇ ಬನ್ನಿ, ಬ್ರೇಕನ್ನು ನಂಬಬೇಡಿ," ಎಂದರು. ಅತ್ತೆ ಆ ಮಾತನ್ನು ಬಹಳ ವರ್ಷ ಹೇಳುತ್ತಿದ್ದರು.

ಮೊದಲ ದಿನ. ಜೀಪು ಬೀದಿಯ ತುದಿಗೆ ಬಂದು ನಿಂತಿತು, ಹಾರನ್ ಹೊಡೆಯಿತು. ಹೆಂಗಸರೆಲ್ಲ ಬಂದರು, ಆದರೆ ಯಾರೂ ಹತ್ತಲಿಲ್ಲ. ಆ ಡ್ರೈವರ್ ಹುಡುಗನನ್ನು ಬೇಡವೆಂದವರೇ ಈಗ ಅತ್ತೆಯ ಮುಖ ನೋಡದೆ ತೂಕುಗಳ ಮುಚ್ಚಳ ಸರಿಮಾಡಿಕೊಳ್ಳುತ್ತಿದ್ದರು. ಕೊನೆಗೆ ನಮ್ಮ ಅಮ್ಮ ಮುಂದಿನ ಸೀಟಿಗೆ ಹೋಗಿ ಕೂತಳು. ಧೈರ್ಯದಿಂದಲೋ, ನಾದಿನಿಯ ಮುಖ ನೋಡಲಾರದೆಯೋ, ಇವತ್ತಿಗೂ ಅವಳು ಸರಿಯಾಗಿ ಹೇಳುವುದಿಲ್ಲ. ಅವಳು ಕೂತ ಮೇಲೆ ಉಳಿದವರೂ ಹತ್ತಿದರು.

ಘಾಟಿಯ ಅರ್ಧದವರೆಗೂ ಎಲ್ಲ ಸುಗಮ. ಆಮೇಲೆ ಮಂಜು ಇಳಿಯಿತು. ಆಗ ರಸ್ತೆ ಈಗಿನಷ್ಟು ಅಗಲವಿರಲಿಲ್ಲ. ಒಂದು ತಿರುವಿನಲ್ಲಿ ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ ಬಂದು ನಿಂತಿತು. ಏರುವ ಗಾಡಿಗೆ ದಾರಿ ಬಿಡಬೇಕೆಂಬುದು ನಿಯಮ. ಆದರೆ ಅಷ್ಟು ಭಾರ ಹೊತ್ತ ಲಾರಿ ಆ ಮಂಜಿನಲ್ಲಿ ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ನಾವೇ ಹಿಂದೆ ಸರಿಯಬೇಕು, ಕೆಳಗಿನ ತಿರುವಿನ ಅಗಲ ಜಾಗದವರೆಗೆ. ಹಿಂದೆ ಏನಿದೆ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಬಿಳುಪು...

ಅಮ್ಮ ಕಣ್ಣು ಮುಚ್ಚಿ ಮನೆದೇವರನ್ನು ಕೂಗತೊಡಗಿದಳು.

"ಅತ್ತಿಗೆ, ಸಾಮೀನ ಮೇಲಕ್ಕೆ ಓದ್ಮೇಲೆ ಕೂಗು. ಈಗ ಕಣ್ ಬುಟ್ಟು ಆ ಕಡೆ ಬಂಡೆ ಎಷ್ಟು ದೂರ ಐತೆ ನೋಡಿ ಏಳು," ಎಂದರು ಅತ್ತೆ.

ನಾನು ಜೀಪಿನ ಹಿಂತುದಿಯಲ್ಲಿದ್ದೆ. ಏಕೆ ಇಳಿದೆನೋ ಗೊತ್ತಿಲ್ಲ, ಇಳಿದುಬಿಟ್ಟೆ. ಅಂಚಿನ ಕಲ್ಲುಗಳನ್ನು ಕಾಲಲ್ಲಿ ತಡವುತ್ತ ನಡೆದು, ಜೀಪಿನ ಚಕ್ರ ನೋಡುತ್ತ ಕೂಗತೊಡಗಿದೆ. ಬಾ ಅತ್ತೆ, ಬಾ, ಬಂಡೆ ಕಡೆ ತಿರುಗ್ಸು, ಇನ್ನೂ ಒಸಿ, ಸಾಕು, ಈಗ ನೇರ ಬಾ. ಮಂಜಿನಲ್ಲಿ ನನಗೆ ಅವರು ಕಾಣುತ್ತಿರಲಿಲ್ಲ, ಅವರಿಗೆ ನಾನೂ ಕಾಣುತ್ತಿರಲಿಲ್ಲ. ನನ್ನ ದನಿಯನ್ನೇ ನಂಬಿ ಅಷ್ಟು ಹೆಂಗಸರನ್ನು ಹೊತ್ತ ಜೀಪು ಇಂಚಿಂಚಾಗಿ ಹಿಂದಕ್ಕೆ ಬಂತು. ಕೊನೆಗೆ ಅಗಲ ಜಾಗಕ್ಕೆ ಬಂದು ನಿಂತಿತು. ಲಾರಿ ನಮ್ಮನ್ನು ದಾಟುವಾಗ ಅದರ ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ. ಕ್ಲೀನರಿಗೆ ತಮಿಳಿನಲ್ಲಿ ಕೂಗಿ ಹೇಳಿದ. "ಪಾರ್ರಾ, ಅಕ್ಕಾ ಓಟ್ಟುದು!" ನೋಡೋ, ಓಡಿಸುತ್ತಿರುವುದು ಅಕ್ಕ! ಆಮೇಲೆ ಕೈ ಎತ್ತಿ ಸಲಾಮು ಹೊಡೆದ.

ಬೋಡಿಮೆಟ್ಟು ಮುಟ್ಟಿದಾಗ ಮಂಜಿನ ಮೇಲೆ ಬಿಸಿಲು ಬಿದ್ದಿತ್ತು. ಚಹಾದಂಗಡಿಯ ಮುಂದೆ ಜೀಪು ನಿಂತ ಕೂಡಲೇ ಹಿಂದಿನಿಂದ ಯಾರೋ ನಾಲಿಗೆ ಹೊರಳಿಸಿ ಕುಲವೆ ಹಾಕಿದರು. ನಮ್ಮಲ್ಲಿ ಮದುವೆಗೆ, ನಾಟಿಗೆ, ದೇವರಿಗೆ ಹೆಂಗಸರು ಹಾಕುವ ಆ ಕೂಗು. ಒಬ್ಬರು ಹಾಕಿದ್ದೇ ತಡ, ಎಲ್ಲರೂ ಸೇರಿಕೊಂಡರು. ಅಂಗಡಿಯವನು ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನಿಂತ. ಸಾಲಾಗಿ ನಿಂತಿದ್ದ ಬೇರೆ ಜೀಪುಗಳ ಡ್ರೈವರುಗಳು ತಿರುಗಿ ನೋಡಿದರು. ಅತ್ತೆ ಸ್ಟಿಯರಿಂಗ್ ಬಿಡದೆ, ತಲೆ ತಗ್ಗಿಸಿ, ಭುಜ ಕುಲುಕಿಸಿ ನಗುತ್ತಿದ್ದರು. ಅಮ್ಮ ಮಾತ್ರ ಅಳುತ್ತಿದ್ದಳು.

ಅಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅತ್ತೆ ನನ್ನ ಪಕ್ಕಕ್ಕೆ ಬಂದು ಕೂತರು. "ಕಣ್ಣೂ, ನಿಂಗೆ ಅಳತೆ ಐತೆ. ಭಯದಲ್ಲೂ ಎಡಬಲ ತಪ್ಪಲಿಲ್ಲ ನೀನು. ಬರೋ ಞಾಯತ್ತುಕಿಳಮೆ ಕೆರೆಗೆ ಬಾ." ಭಾನುವಾರಕ್ಕೆ ಅತ್ತೆ ಯಾವತ್ತೂ ತಮಿಳಿನ ಹೆಸರನ್ನೇ ಹೇಳುತ್ತಿದ್ದದ್ದು. ಅಲ್ಲಿಯವರೆಗೆ ನನಗೆ ಯಾವುದು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬರದೆ ಇರುವುದನ್ನೇ ಎಲ್ಲರೂ ಹೇಳಿದ್ದರು.

ಅಮ್ಮ ಒಪ್ಪಲು ತಿಂಗಳುಗಳೇ ಬೇಕಾದವು. ಗಾಡಿ ಓಡಿಸುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂಬುದು ಅವಳ ಚಿಂತೆ. "ಓಡ್ಸಕ್ಕೆ ಬರದೋನು ಪಕ್ಕದಾಗೆ ಕುಂತ್ಕಂಡು ಬರ್ಲಿ ಬುಡು," ಎಂದರು ಅತ್ತೆ. ಕೊನೆಗೆ ಹಾಗೇ ಆಯಿತು. ನನ್ನ ಗಂಡನಿಗೆ ಇವತ್ತಿಗೂ ಸೈಕಲ್ ಬಿಟ್ಟರೆ ಬೇರೇನೂ ಬರುವುದಿಲ್ಲ.

ಅತ್ತೆಯ ಕೆಲಸ ಸ್ಟಿಯರಿಂಗ್ ಹಿಡಿಯುವುದಷ್ಟೇ ಆಗಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ರೇಡಿಯೇಟರಿಗೆ ನೀರು ನೋಡಬೇಕು, ಟೈರುಗಳನ್ನು ಬೆರಳಲ್ಲಿ ತಟ್ಟಿ ನೋಡಬೇಕು. ತಿರುವಿನಲ್ಲಿ ವಾಂತಿ ಬರುವವಳನ್ನು ಅಂಚಿಗೆ, ಬಸುರಿಯನ್ನು ಮುಂದಕ್ಕೆ, ಜಗಳವಾಡಿಕೊಂಡವರನ್ನು ದೂರ ದೂರ ಕೂರಿಸಬೇಕು. ನಾವು ಕಾಯಿ ಕೀಳುವಾಗ ಬೇರೆ ಡ್ರೈವರುಗಳು ನೆರಳಲ್ಲಿ ಮಲಗುತ್ತಿದ್ದರು. ಅತ್ತೆ ಜೀಪಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದರು. ದಿಂಡಿಗಲ್ ಮಾವ ಜೀಪಿನ ಸಾಮಾನು ಪೆಟ್ಟಿಗೆಗೆಂದು ತಮ್ಮ ಕೈಯಲ್ಲೇ ಒಂದು ಹಿತ್ತಾಳೆ ಬೀಗ ಮಾಡಿ ತಂದುಕೊಟ್ಟಿದ್ದರು. ಮುಂದೆ ಅದೇ ಜೀಪನ್ನು ಅತ್ತೆಯೇ ಕೊಂಡುಕೊಂಡರು. ಅಕ್ಕಪಕ್ಕದ ಊರುಗಳಲ್ಲಿ ಮಗಳನ್ನು ತೋಟಕ್ಕೆ ಕಳಿಸಲು ಅಳುಕುವವರೂ "ಅಕ್ಕನ ಜೀಪಾದ್ರೆ ಓಗ್ಲಿ" ಎನ್ನುತ್ತಿದ್ದರು.

ನನಗೆ ತೇನಿಯ ಡ್ರೈವಿಂಗ್ ಶಾಲೆಯೊಂದರಲ್ಲಿ ಹೆಂಗಸರಿಗೆ ಕಲಿಸುವ ಕೆಲಸ ಸಿಕ್ಕಿತು. ಬಹಳ ವರ್ಷಗಳ ನಂತರ ಸ್ವಂತದ್ದು ತೆರೆದೆ. ತೆರೆದ ದಿನ ಸಂಜೆ, ಅತಿಥಿಗಳೆಲ್ಲ ಹೋದ ಮೇಲೆ, ಬಾಗಿಲಿಗೆ ಅತ್ತೆಯ ಜೀಪು ಬಂದು ನಿಂತಿತು. ತೋಟದಿಂದ ನೇರ ಬಂದಿದ್ದರು, ಜತೆಗೆ ಅಷ್ಟೂ ಹೆಂಗಸರು. ಕಪ್ಪಾದ ಬೆರಳುಗಳಲ್ಲೇ ನನ್ನ ಹೊಸ ಕಾರಿನ ಸ್ಟಿಯರಿಂಗ್ ಮುಟ್ಟಿ ಮುಟ್ಟಿ ನೋಡಿದರು. ಮೂವರು ಅಲ್ಲೇ ಹೆಸರು ಬರೆಸಿದರು.

ಅತ್ತೆಗೆ ಕಾಯಿಲೆ ಬಂದಾಗ ಮಧುರೈ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಮಾವ ಹಿಂದೆ ಕೂರುತ್ತಿದ್ದರು. ಆಂಡಿಪಟ್ಟಿ ದಾಟಿ ಕಣಿವೆಯ ತಿರುವುಗಳು ಬಂದಾಗ ಅತ್ತೆಯ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕೊನೆಯ ಸಲ ಹಾಗಾಗಲಿಲ್ಲ. ತಿರುಗಿ ನೋಡಿದೆ, ತಲೆ ಸೀಟಿಗೊರಗಿಸಿ ನಿದ್ದೆ ಹೋಗಿದ್ದರು. "ಬ್ಯಾರೆಯೋರ ವಂಡೀಲಿ ಅವ್ಳು ನಿದ್ದೆ ಮಾಡಿದ್ದು ನಾ ಕಂಡಿಲ್ಲ," ಎಂದರು ಮಾವ ಹಿಂದಿನಿಂದ, ಮೆಲ್ಲಗೆ. ಎಬ್ಬಿಸಬಾರದೆಂದು ಮಧುರೈವರೆಗೂ ನಾನು ಹಾರನ್ ಮುಟ್ಟಲಿಲ್ಲ.

ಅತ್ತೆ ಹೋದ ಮೇಲೆ ಒಂದು ಮಳೆಗಾಲ ಕಳೆದಿದೆ. ಜೀಪನ್ನು ಈಗ ನಮ್ಮ ಬೀದಿಯ ಇನ್ನೊಬ್ಬ ಹೆಂಗಸು ಓಡಿಸುತ್ತಾಳೆ, ಚೆನ್ನಾಗಿಯೇ ಓಡಿಸುತ್ತಾಳೆ. ಅಮ್ಮ ಮಾತ್ರ ಅದರಲ್ಲಿ ಮುಂದಿನ ಸೀಟಿಗೆ ಕೂರುವುದಿಲ್ಲ.

ಇವತ್ತು ಪಾಠ ಮುಗಿಸಿ ಇಳಿಯುವಾಗ ಆ ಹೆಂಗಸು ತಮಿಳಿನಲ್ಲಿ ಕೇಳಿದಳು, ನಿಮಗೆ ಯಾರಕ್ಕಾ ಕಲಿಸಿದ್ದು? "ನಮ್ಮ ಅತ್ತೆ," ಎಂದೆ. ಅವಳು ಕಣ್ಣರಳಿಸಿದಳು. ಸೊಸೆಗೆ ಗಾಡಿ ಕಲಿಸುವ ಅತ್ತೆಯೂ ಇರುತ್ತಾಳಾ, ಪುಣ್ಯ ಮಾಡಿದ್ದೀರಿ, ಒಂದು ದಿನ ಅವರನ್ನು ನೋಡಬೇಕು ಎಂದಳು.

ಗಂಡನ ತಾಯಿಯಲ್ಲ, ಪಕ್ಕದ ಮನೆಯವರು, ಈಗ ಇಲ್ಲ... ಹೇಳಬೇಕಾದದ್ದು ಇಷ್ಟೇ ಆಗಿತ್ತು. ಆದರೆ ಪುಣ್ಯ ಮಾಡಿದ್ದು ನಿಜ ಎಂದಷ್ಟೇ ಹೇಳಿ, ನಾಳೆ ಬೇಗ ಬಾ ಎಂದು ಕಳಿಸಿದೆ.