ಮುಂದಿನವರ ಕೈ

ಸೈಕಲ್ ರೇಸಿನಲ್ಲಿ ಮುಂದಿರುವವರು ಗಾಳಿ ಸೀಳುತ್ತಾರೆ, ಹಿಂದಿನವರು ಅವರ ಗಾಲಿಗೆ ಅಂಟಿಕೊಂಡು ಶಕ್ತಿ ಉಳಿಸಿಕೊಳ್ಳುತ್ತಾರೆ. ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ. ಗುಂಡಿ ಬಂದರೆ ಮುಂದಿನವರು ಕೈ ಕೆಳಗಿಳಿಸಿ ತೋರಿಸಬೇಕು. "ಮುಂದಿನ ಗಾಲಿ ಬಿಡಬ್ಯಾಡ್ರಿ, ಆ ಕೈ ನಂಬ್ರಿ" ಎಂದು ಜಮಖಂಡಿಯಲ್ಲಿ ನಮ್ಮ ಕೋಚ್ ದಿನವೂ ಹೇಳುತ್ತಿದ್ದರು.

ಅವತ್ತು ಮುಧೋಳ ರಸ್ತೆಯಲ್ಲಿ ನಾನೂ ನನ್ನ ಗೆಳತಿಯೂ ಇಬ್ಬರೇ ಇದ್ದೆವು. ಎದುರುಗಾಳಿ ಜೋರಾಗಿತ್ತು. ಫ್ಯಾಕ್ಟರಿಗೆ ಕಬ್ಬು ಹಾಕಿ ಮರಳುತ್ತಿದ್ದ ಟ್ರ್ಯಾಕ್ಟರೊಂದು ಖಾಲಿ ಟ್ರಾಲಿ ಎಳೆದುಕೊಂಡು ನಮ್ಮನ್ನು ದಾಟಿತು. ಅವಳು ಒಂದೇ ಉಸಿರಿಗೆ ತುಳಿದು ಟ್ರಾಲಿಯ ಹಿಂದೆ ಸೇರಿಕೊಂಡಳು.

"ಬಾ ಬೇ ಲಗೂನ, ಇಲ್ಲಿ ಗಾಳೀನ ಇಲ್ಲ" ಎಂದು ಕೂಗಿದಳು. ನನ್ನಿಂದ ಅಲ್ಲಿಗೆ ಮುಟ್ಟಲಾಗಲಿಲ್ಲ.

ಗುಂಡಿಯೊಂದು ಟ್ರಾಲಿಯ ಎರಡು ಗಾಲಿಗಳ ನಡುವೆ ಹಾದು ಅವಳ ಮುಂದೆ ಬಂತು. ಟ್ರಾಲಿ ಕೈ ತೋರಿಸುವುದಿಲ್ಲ. ಅವಳು ತಲೆ ಕೆಳಗಾಗಿ ಬಿದ್ದಳು, ಮತ್ತೆ ಏಳಲಿಲ್ಲ.

"ಆಕಿ ಹಣಿಬರಾ ಹಂಗಿತ್ತು" ಎಂದರು ಅವಳ ಮಣ್ಣಿಗೆ ಬಂದವರು. ಆ ಮಾತಿಗೆ ಇಂದಿಗೂ ನನ್ನ ಮೈ ಉರಿಯುತ್ತದೆ. ಎಂಥ ಹಣೆಬರಹ? ಕೋಚ್ ಕಲಿಸಿದ್ದನ್ನು ಅವಳು ಕಲಿಸಿದಂತೆಯೇ ಮಾಡಿದಳು. ಮುಂದಿನ ಗಾಲಿ ಬಿಡಲಿಲ್ಲ.

ಈಗ ಆ ರಸ್ತೆಯಲ್ಲಿ ಒಬ್ಬಳೇ ತುಳಿಯುತ್ತೇನೆ. ಗುಂಡಿ ಬಂದಾಗ ಕೈ ತಾನಾಗಿ ಕೆಳಗಿಳಿಯುತ್ತದೆ. ಹಿಂದೆ ಯಾರೂ ಇರುವುದಿಲ್ಲ.