ಬುಕ್‌ಮಾರ್ಕಿಗೆ ಸಿಕ್ಕ ಹೆಸರು

"ಅದರಾಗ ನನ್ನ ಹೆಸರ ತಗೀರಿ ಮೇಡಂ," ಎಂದರು ಗೊರೇಬಾಳದ ರೈತ ಇಮಾಮಸಾಬರು, ನನ್ನ ಲ್ಯಾಪ್‌ಟಾಪ್ ನೋಡಿ. ನಾನು ಸಂಶೋಧನೆಗೆ ಒಯ್ದಿದ್ದ, ಅವರ ಸವಳು ಗದ್ದೆಯಲ್ಲೂ ಬೆಳೆಯುವ ಹಳೆಯ ಭತ್ತದ ವಂಶವಾಹಿ ನಕ್ಷೆ ತೆರೆದಿತ್ತು. ಉಪ್ಪು ತಾಳುವ ಗುಣ ಇರಬಹುದಾದ ಭಾಗವನ್ನು ಹಿಗ್ಗಿಸಿ, ಆ ನೋಟವನ್ನೇ ಬುಕ್‌ಮಾರ್ಕ್ ಮಾಡಿ, ಗದ್ದೆ ಅವರದೆಂದು ಅದಕ್ಕೆ ಅವರ ಹೆಸರಿಟ್ಟಿದ್ದೆ.

"ನಾ ಈ ಭತ್ತ ಬ್ಯಾಡಂತ ಬಿಟ್ಟಿದ್ದೆ. ಪ್ರತಿ ವರ್ಷ ಇದರ ಬೀಜ ತಗದಿಟ್ಟಾಕಿ ನಮ್ಮ ಮನಿಯಾಕಿ."

ಹೆಸರು ಕೇಳಿದೆ. ಹೆಂಡತಿಯ ಹೆಸರು ಹೇಳಲು ನಾಚಿ, ಆಕೆಯನ್ನೇ ಕರೆದರು. ಮೊರ ಹಿಡಿದೇ ಹೊರಬಂದ ಆಕೆ, "ಖಾಜಾಬಿ ರೀ," ಎಂದರು.

ಹೆಸರು ತಿದ್ದಿ ಲಿಂಕನ್ನು ಸಹೋದ್ಯೋಗಿಗಳಿಗೆ ಕಳಿಸಿದೆ. ಯಾರೇ ಒತ್ತಿದರೂ ಅದೇ ಭತ್ತದ ಅದೇ ಜಾಗ ತೆರೆಯುತ್ತದೆ. ದೂರದ ಪ್ರಯೋಗಾಲಯದ ಒಬ್ಬರು, "ಖಾಜಾಬಿ ಅಂದರೆ ತಳಿಯ ಹೆಸರೇ?" ಎಂದು ಕೇಳಿದರು. "ಇನ್ನು ಮುಂದೆ ಹೌದು," ಎಂದು ಬರೆದೆ.